ಒಲ್ಲೆ ಎನ್ನುವ ಕಡಲ ಮೀನಿಗೆ ಉಣ್ಣಿಸುವುದು ಹೇಗೆ?

ದಾವಣಗೆರೆಯಲ್ಲಿ ಕೂತು ಕಡಲ ಮೀನು ಸಾಕುತ್ತೇನೆ ಎಂದರೆ ಕೇಳಿದವರು ನಗುತ್ತಾರೆ. ಇಲ್ಲಿ ಕುಂದವಾಡ ಕೆರೆ ಇದೆ, ಭದ್ರಾ ನಾಲೆ ಇದೆ, ಕಡಲು ಎಲ್ಲಿಂದ ಬಂತು ಅಂತ. ನಿಜ ಹೇಳಬೇಕೆಂದರೆ ಕಡಲು ಮಾಡುವುದು ಕಷ್ಟವೇ ಅಲ್ಲ. ಅಕ್ವೇರಿಯಂ ಉಪ್ಪು ಬಕೆಟ್‌ಗಟ್ಟಲೆ ಸಿಗುತ್ತದೆ. ಆರ್‌ಓ ನೀರಿಗೆ ಅಳೆದು ಹಾಕಿ ಕಲಸಿದರೆ ಆಯಿತು. ಕಷ್ಟ ಶುರುವಾಗುವುದು ಆಮೇಲೆ, ದುಡ್ಡು ಕೊಟ್ಟು ತಂದ ಮೀನು ಮೂಲೆ ಹಿಡಿದು, ಹಾಕಿದ ತಿಂಡಿಗೆ ಮೂತಿ ತಿರುಗಿಸಿದಾಗ.

ನನ್ನದು ಎರಡೂವರೆ ಅಡಿ ಉದ್ದದ ಟ್ಯಾಂಕ್. ಕಲ್ಲು, ಮರಳು ಕಳೆದರೆ ಸುಮಾರು 90 ಲೀಟರ್ ನೀರು. ಒಂದು ಜೊತೆ ಕ್ಲೌನ್ ಮೀನು ಇವೆ, ಒಂದು ಬಂಗಾಯ್ ಕಾರ್ಡಿನಲ್ ಇದೆ. ಕ್ಲೌನ್‌ಗಳ ಬಗ್ಗೆ ಬರೆಯುವುದೇನೂ ಇಲ್ಲ, ಏನು ಹಾಕಿದರೂ ನುಂಗುತ್ತವೆ. ತಲೆ ತಿನ್ನುವುದು ಬಂಗಾಯ್. ಬೆಳ್ಳಿ ಮೈ, ಕಪ್ಪು ಪಟ್ಟೆ, ರೆಕ್ಕೆಗಳ ಮೇಲೆ ಬಿಳಿ ಚುಕ್ಕೆ. ಬೆಳೆದರೂ 8 ಸೆಂಟಿಮೀಟರ್ ದಾಟುವುದಿಲ್ಲ. ಇಂಡೋನೇಷ್ಯಾದ ಸುಲವೇಸಿ ಹತ್ತಿರದ ಬಂಗಾಯ್ ದ್ವೀಪಗಳು ಇದರ ತವರು. ಅಲ್ಲಿ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳ ನಡುವೆ ಗುಂಪು ಕಟ್ಟಿಕೊಂಡು, ನೀರಿನಲ್ಲಿ ತೇಲಿ ಬರುವ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಸಣ್ಣ ಟ್ಯಾಂಕಿಗೆ ಒಗ್ಗುವ, ಆದರೆ ಊಟದ ವಿಷಯದಲ್ಲಿ ಸತಾಯಿಸುವ ಮೀನು.

ಮೊದಲ ಬಂಗಾಯ್ ನನ್ನ ಕೈಯಲ್ಲಿ ಹನ್ನೊಂದು ದಿನ ಬದುಕಿತು. ಹಸಿವಿನಿಂದ ಸತ್ತಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಯೋಚಿಸಿದರೆ ಹಾಗಲ್ಲ. ಈಗ ತಿಂದೀತು, ಆಗ ತಿಂದೀತು ಎಂದು ನಾನು ದಿನಕ್ಕೆ ನಾಲ್ಕು ಸಲ ಸುರಿದ ತಿಂಡಿ ಕಲ್ಲಿನ ಸಂದಿಯಲ್ಲಿ ಕೊಳೆತು ನೀರು ಕೆಡಿಸಿತ್ತು. ಆದ್ದರಿಂದ ಈ ಲೇಖನದಲ್ಲಿ ತಿನ್ನಿಸುವುದರಷ್ಟೇ ಜಾಸ್ತಿ ಜಾಗ ತಿನ್ನದೆ ಉಳಿದದ್ದನ್ನು ತೆಗೆಯುವುದಕ್ಕೂ ಇದೆ. ಸಣ್ಣ ಟ್ಯಾಂಕಿನಲ್ಲಿ ಉಪವಾಸಕ್ಕಿಂತ ಬೇಗ ಕೊಲ್ಲುವುದು ಉಳಿದ ತುತ್ತು.

ತರುವ ಮೊದಲು

ಅಂಗಡಿಯವರಿಗೆ ಒಂದೇ ಮಾತು ಹೇಳಿ: "ನನ್ನ ಕಣ್ಣ ಮುಂದೆ ಇದಕ್ಕೆ ತಿನ್ನಿಸಿ ತೋರಿಸಿ." ತಿಂದರೆ ಕೊಳ್ಳಿ. "ನಿನ್ನೆ ತಿಂದಿತ್ತು ಸಾರ್" ಎಂದರೆ ಬೇಡ. ಮೀನು ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವುದಾದರೆ ತಿನ್ನುವ ವಿಡಿಯೋ ಕಳಿಸಲು ಹೇಳಿ. ಯಾವ ತಿಂಡಿ ಹಾಕುತ್ತಿದ್ದಾರೆ ಎಂದೂ ಕೇಳಿಟ್ಟುಕೊಳ್ಳಿ, ಸಾಧ್ಯವಾದರೆ ಅದೇ ತಿಂಡಿಯನ್ನು ಜೊತೆಗೇ ತನ್ನಿ.

ಫಾರ್ಮಿನಲ್ಲಿ ಹುಟ್ಟಿದ ಬಂಗಾಯ್ ಸಿಕ್ಕರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು. ಅದು ಹುಟ್ಟಿದಾಗಿನಿಂದ ಮನುಷ್ಯರು ಹಾಕಿದ್ದನ್ನು ತಿಂದೇ ಬೆಳೆದಿರುತ್ತದೆ. ಇನ್ನೊಂದು ಕಾರಣವೂ ಇದೆ. ಅಕ್ವೇರಿಯಂ ವ್ಯಾಪಾರಕ್ಕೆಂದು ಹಿಡಿದು ಹಿಡಿದೇ ಈ ಮೀನು 2007ರಲ್ಲಿ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿ ಸೇರಿತು.

ಬಣ್ಣಕ್ಕೆ ಮರುಳಾಗಿ ಮ್ಯಾಂಡರಿನ್ ಮೀನು ತರಬೇಡಿ. ಅದು ಬೆಳಗಿನಿಂದ ಸಂಜೆಯವರೆಗೆ ಕಲ್ಲಿನ ಮೇಲೆ ಕೋಪೆಪಾಡ್ ಎಂಬ ಸಣ್ಣ ಹುಳ ಹೆಕ್ಕುತ್ತಲೇ ಇರಬೇಕು. ನಮ್ಮ 90 ಲೀಟರಿನ ದಾಸ್ತಾನು ಅದಕ್ಕೆ ಕೆಲವೇ ವಾರಗಳಲ್ಲಿ ಖಾಲಿ. ಆಮೇಲೆ ಕಣ್ಣೆದುರೇ ಸೊರಗುವುದನ್ನು ನೋಡುತ್ತಾ ಕೂರಬೇಕು.

ಮೊದಲ ಮೂರು ದಿನ: ತಿಂಡಿ ಬಿಡಿ, ನೀರು ನೋಡಿ

ಹೊಸ ಮೀನು ಎರಡು ಮೂರು ದಿನ ಏನೂ ತಿನ್ನದಿದ್ದರೆ ಗಾಬರಿ ಬೇಡ. ದಾರಿಯಲ್ಲಿ ಚೀಲದ ನೀರು ಕೆಡಬಾರದೆಂದು ಕಳಿಸುವವರೇ ಮೊದಲು ಉಪವಾಸ ಹಾಕಿರುತ್ತಾರೆ. ಮೇಲೆ 260 ಕಿಲೋಮೀಟರ್ ಕುಲುಕಾಟ. ನಾವಾದರೂ ರಾತ್ರಿ ಬಸ್ಸಿಳಿದ ತಕ್ಷಣ ಎಲೆ ಮುಂದೆ ಕೂರುತ್ತೇವಾ? ಲೈಟ್ ಕಮ್ಮಿ ಮಾಡಿ, ಟ್ಯಾಂಕ್ ಮುಂದೆ ಓಡಾಡುವುದನ್ನು ಕಮ್ಮಿ ಮಾಡಿ.

ಆ ಮೂರು ದಿನದಲ್ಲಿ ಟೆಸ್ಟ್ ಕಿಟ್ ತೆಗೆಯಿರಿ. ಹಿಕ್ಕೆ, ಕೊಳೆತ ತಿಂಡಿಯಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ 20 ಪಿಪಿಎಂ ಒಳಗಿದ್ದರೆ ನೆಮ್ಮದಿ. ಉಪ್ಪಿನಂಶ ತೋರಿಸುವ ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25ರಿಂದ 27 ಡಿಗ್ರಿ. ಇವುಗಳಲ್ಲಿ ಒಂದು ಏರುಪೇರಾದರೂ ಮೊದಲು ನಿಲ್ಲುವುದು ಊಟ.

ನಮ್ಮ ಊರಿನಲ್ಲಿ ಇದನ್ನು ಬೇರೆಯಾಗಿಯೇ ಹೇಳಬೇಕು. ಮಾರ್ಚ್‌ನಿಂದ ಮೇ ತನಕ ಟ್ಯಾಂಕ್ ನೀರು ಸುಲಭವಾಗಿ 30 ದಾಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ, ಮೀನು ಏದುಸಿರು ಬಿಡುತ್ತಾ ಮೇಲೆ ನಿಲ್ಲುತ್ತದೆ, ತಿನ್ನುವ ಮನಸ್ಸು ಎಲ್ಲಿಂದ ಬರಬೇಕು? ನೀರಿನ ಮೇಲ್ಮೈಗೆ ಗಾಳಿ ಬೀಳುವಂತೆ ಒಂದು ಸಣ್ಣ ಫ್ಯಾನ್ ಕಟ್ಟಿ. ನಮ್ಮದು ಒಣ ಸೆಕೆ, ನೀರು ಬೇಗ ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲ. ಆದ್ದರಿಂದ ಇಳಿದ ಮಟ್ಟಕ್ಕೆ ಪ್ರತಿದಿನ ಸಪ್ಪೆ ಆರ್‌ಓ ನೀರನ್ನೇ ತುಂಬಿ. ಉಪ್ಪುನೀರು ಹಾಕಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತಾ ಹೋಗುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ.

ಇದೇ ಸಮಯದಲ್ಲಿ ಮೀನಿನ ಮೈಯನ್ನೂ ಗಮನಿಸಿ. ತಲೆಯ ಹಿಂದೆ, ಬೆನ್ನಿನ ಮೇಲೆ ಮಾಂಸ ಇಳಿದು ಚೂಪಾಗಿದ್ದರೆ ಅದು ಹಳೆಯ ಉಪವಾಸ. ಹಿಕ್ಕೆ ಬಿಳಿ ದಾರದಂತೆ ನೇತಾಡಿದರೆ ಕರುಳಿನಲ್ಲಿ ಪರೋಪಜೀವಿ ಇರಬಹುದು, ಅದಕ್ಕೆ ಬೇರೆ ತೊಟ್ಟಿಯಲ್ಲಿಟ್ಟು ಔಷಧಿ ಮಾಡಬೇಕೇ ಹೊರತು ತಿಂಡಿ ಬದಲಿಸಿ ಉಪಯೋಗವಿಲ್ಲ. ಸಿಗಡಿ, ಬಸವನಹುಳು, ಹವಳ ಇರುವ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಲೇಬೇಡಿ, ಅವೆಲ್ಲ ಸಾಯುತ್ತವೆ.

ಕ್ಲೌನ್ ಅಥವಾ ಡ್ಯಾಮ್ಸೆಲ್‌ನಂಥ ಜಗಳಗಂಟ ಮೀನು ಹೊಸಬನನ್ನು ಅಟ್ಟಿಸಿಕೊಂಡು ಹೋಗುತ್ತಿದೆಯಾ? ಹಾಗಿದ್ದರೆ ಟ್ಯಾಂಕ್ ಒಳಗೇ ತೂಗು ಹಾಕುವ, ಮರಿ ಬಿಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೊಸ ಮೀನನ್ನು ಒಂದು ವಾರ ಇಡಿ. ಇದು ಅಗ್ಗದ ವಸ್ತು, ಆದರೆ ನನ್ನ ಎರಡನೇ ಬಂಗಾಯ್ ಬದುಕಿದ್ದು ಇದರಿಂದಲೇ. ಯಾರ ಕಾಟವೂ ಇಲ್ಲ, ಹಾಕಿದ್ದು ಕಣ್ಣ ಮುಂದೆಯೇ ಇರುತ್ತದೆ, ಉಳಿದದ್ದನ್ನು ತೆಗೆಯುವುದೂ ಸುಲಭ.

ಓಡಾಡುವ ತಿಂಡಿ

ಹಸಿವಿಗೆ ರುಚಿ ಬೇಡ ಎನ್ನುತ್ತಾರೆ. ಮೀನಿನ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಅದು ಹಠ ಮಾಡುತ್ತಿಲ್ಲ. ಹುಟ್ಟಿದಾಗಿನಿಂದ ಅದು ತಿಂದದ್ದು ಚಲಿಸುವ ಜೀವಿಗಳನ್ನು. ನೀವು ಹಾಕಿದ ಒಣ ಚೂರು ಅದರ ಕಣ್ಣಿಗೆ ಕಸ. ಭತ್ತ ಕಂಡೇ ಇರದವನ ಮುಂದೆ ಒಂದು ಹಿಡಿ ಭತ್ತ ಇಟ್ಟು ಊಟ ಮಾಡಪ್ಪಾ ಎಂದ ಹಾಗೆ. ಆದ್ದರಿಂದ ಮೊದಲು ಜೀವಂತ ತಿಂಡಿ, ನಿಧಾನಕ್ಕೆ ಉಳಿದದ್ದು.

ನಮ್ಮಂಥವರಿಗೆ ಕೈಗೆಟುಕುವುದು ಆರ್ಟೀಮಿಯಾ, ಅಂದರೆ ಬ್ರೈನ್ ಶ್ರಿಂಪ್ ಎಂಬ ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿ. ಮೊಟ್ಟೆ ಒಣ ಪುಡಿಯಾಗಿ ಸಣ್ಣ ಡಬ್ಬಿಯಲ್ಲಿ ಬರುತ್ತದೆ, ನೋಡಲು ಥೇಟ್ ಕಾಫಿ ಪುಡಿ. ಫ್ರಿಜ್ಜಿನಲ್ಲಿ ತೇವ ತಾಗದಂತೆ ಇಟ್ಟರೆ ಬಹಳ ದಿನ ಬಾಳುತ್ತದೆ. ಮರಿ ಮಾಡುವ ವಿಧಾನ ಹೀಗೆ.

ಎರಡು ಲೀಟರಿನ ಕೂಲ್ ಡ್ರಿಂಕ್ಸ್ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿಯಾಗಿ ಹಾಕಿ, ತಲೆಕೆಳಗಾಗಿ ನಿಲ್ಲಿಸಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಾಯಿ ತೆರೆದು ಇಟ್ಟದ್ದಾಗಿರಲಿ. ಒಂದು ಚಿಟಿಕೆ ಅಡುಗೆ ಸೋಡಾ ಬೆರೆಸಿ. ಒಂದೇ ಮೀನಿಗೆ ಕಾಲು ಚಮಚ ಮೊಟ್ಟೆ ಧಾರಾಳ. ಏರ್ ಪಂಪಿನ ಪೈಪು ಬಾಟಲಿಯ ಕುತ್ತಿಗೆಯ ತಳ ಮುಟ್ಟಬೇಕು, ಗುಳ್ಳೆಗಳು ಜೋರಾಗಿ ಏಳಬೇಕು, ಮೊಟ್ಟೆ ಎಲ್ಲೂ ಕೂರಬಾರದು. ಮೇಲೆ ಒಂದು ಬಲ್ಬ್ ಉರಿಯಲಿ. 26ರಿಂದ 28 ಡಿಗ್ರಿಯಲ್ಲಿ 18ರಿಂದ 24 ಗಂಟೆಯೊಳಗೆ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ವರ್ಷದ ಬಹುಪಾಲು ನಮಗೆ ಹೀಟರ್ ಬೇಡ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮಾತ್ರ ಒಂದೂವರೆ ದಿನ ಹಿಡಿಯಬಹುದು.

ಪಂಪ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಸಿಪ್ಪೆಗಳು ಮೇಲೆ ತೇಲುತ್ತವೆ, ಒಡೆಯದ ಮೊಟ್ಟೆ ತಳಕ್ಕೆ ಕೂರುತ್ತವೆ, ಮರಿಗಳು ಬೆಳಕಿನ ಕಡೆ ಓಡುತ್ತವೆ. ಬಾಟಲಿಯ ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಅಲ್ಲೇ ಕಿತ್ತಳೆ ಮೋಡದಂತೆ ಗುಂಪಾಗುತ್ತವೆ. ಸಣ್ಣ ಪೈಪಿನಿಂದ ಆ ಗುಂಪನ್ನು ಮಾತ್ರ ಎಳೆದುಕೊಳ್ಳಿ. ಚಹಾ ಸೋಸುವ ಜರಡಿಯಲ್ಲಿ ಇವು ನಿಲ್ಲುವುದಿಲ್ಲ, ಅರ್ಧ ಮಿಲಿಮೀಟರ್‌ಗಿಂತ ಸಣ್ಣವು. ಹಳೆಯ ಹತ್ತಿ ಪಂಚೆಯ ತುಂಡು ಸಾಕು. ಹತ್ತಿ ಗಿರಣಿಗಳಿಂದ ಹೆಸರಾದ ಊರು ನಮ್ಮದು, ಪಂಚೆ ತುಂಡಿಗೆ ಬರವೇ? ಸೋಸಿದ ಮೇಲೆ ಟ್ಯಾಂಕ್ ನೀರಿನಲ್ಲಿ ಒಮ್ಮೆ ತೊಳೆದು ಹಾಕಿ. ಸಿಪ್ಪೆ ಟ್ಯಾಂಕಿಗೆ ಹೋಗದಂತೆ ನೋಡಿಕೊಳ್ಳಿ, ಸಣ್ಣ ಮೀನಿನ ಕರುಳಿಗೆ ಅದು ಸಿಕ್ಕಿಕೊಳ್ಳುತ್ತದೆ.

ಹುಟ್ಟಿದ ಕೆಲವೇ ಗಂಟೆಯೊಳಗೆ ತಿನ್ನಿಸಿದರೆ ಮರಿಗಳಲ್ಲಿ ಇನ್ನೂ ಮೊಟ್ಟೆಯ ಸಾರ ಇರುತ್ತದೆ. ಒಂದು ದಿನ ಬಿಟ್ಟರೆ ಆ ಸಾರ ಕರಗಿ ಬರೀ ಚಿಪ್ಪು ತಿನ್ನಿಸಿದ ಹಾಗೆ. ಆಗ ಒಮೆಗಾ-3 ಇರುವ ಅಕ್ವೇರಿಯಂ ದ್ರಾವಣದ ಒಂದೆರಡು ಹನಿ ಹಾಕಿ, ಅವು ಅದನ್ನು ಕುಡಿದ ಮೇಲೆ ಕೊಡಬೇಕು.

ಬೆಳೆದ ಬಂಗಾಯ್‌ಗೆ ಈ ಮರಿ ಕುರುಕಲು ತಿಂಡಿ ಇದ್ದ ಹಾಗೆ. ಹೊಟ್ಟೆ ತುಂಬಬೇಕಾದರೆ ಬೆಳೆದ ಆರ್ಟೀಮಿಯಾ ಬೇಕು. ಉಳಿದ ಮರಿಗಳನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿ ಮೆಲ್ಲಗೆ ಗಾಳಿ ಬಿಡಿ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನು ನೀರಿನಲ್ಲಿ ಕದಡಿ ಹನಿ ಹನಿ ಹಾಕುತ್ತಿದ್ದರೆ ಎರಡು ಮೂರು ವಾರದಲ್ಲಿ ಒಂದು ಸೆಂಟಿಮೀಟರ್‌ವರೆಗೆ ಬೆಳೆಯುತ್ತವೆ. ನೀರು ತಿಳಿಯಾದ ಮೇಲೆ ಮಾತ್ರ ಮತ್ತೆ ಪುಡಿ ಹಾಕಿ. ಇಲ್ಲಿಯೂ ನನ್ನ ಕೈ ಜಾಸ್ತಿಯಾಗಿ ಎರಡು ಬಕೆಟ್ ಕೊಳೆತು ನಾರಿದ್ದಿದೆ.

ಸೊಳ್ಳೆ ಮರಿ ಹಾಕಬಹುದಾ ಎಂದು ಕೇಳುವವರಿದ್ದಾರೆ. ಬಂಗಾಯ್ ಅದನ್ನು ಕಂಡರೆ ಬಿಡುವುದಿಲ್ಲ, ಉಪ್ಪುನೀರಿನಲ್ಲೂ ಅವು ಸ್ವಲ್ಪ ಹೊತ್ತು ಕುಣಿಯುತ್ತವೆ. ಆದರೆ ತಾರಸಿಯ ಮೇಲೆ ಬಕೆಟ್ ಇಟ್ಟು ಸೊಳ್ಳೆ ಸಾಕುವುದೆಂದರೆ ಓಣಿಗೆಲ್ಲ ಡೆಂಗಿ ಹಂಚಿದ ಹಾಗೆ. ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆಗೆ "ಅಕ್ಕಾ, ಅದು ಮೀನಿನ ತಿಂಡಿ" ಎಂದು ಹೇಳಿ ನೋಡಿ, ಏನು ಉತ್ತರ ಬರುತ್ತದೆ ಅಂತ. ನನಗೆ ಬಂದಿದೆ, ಇಲ್ಲಿ ಬರೆಯುವಂಥದ್ದಲ್ಲ. ಆರ್ಟೀಮಿಯಾ ಬಕೆಟ್ಟಿಗೂ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ.

ಸತ್ತದ್ದಕ್ಕೆ ಒಗ್ಗಿಸುವುದು

ದಿನಾ ಜೀವಂತ ತಿಂಡಿ ಯಾರಿಂದಲೂ ಆಗುವ ಕೆಲಸವಲ್ಲ. ಬರೀ ಆರ್ಟೀಮಿಯಾದಲ್ಲಿ ಮೀನಿಗೆ ಬೇಕಾದ ಕೊಬ್ಬಿನಂಶವೂ ಸಾಲದು. ನಮ್ಮ ಗುರಿ ಫ್ರೋಜನ್ ಮೈಸಿಸ್. ಇದು ಸಿಗಡಿಯಂಥ ಸಣ್ಣ ಜೀವಿ, ಐಸ್ ಕ್ಯೂಬಿನಂತೆ ಹಾಳೆಯಲ್ಲಿ ಬರುತ್ತದೆ.

ಮೀನು ನಾಲ್ಕೈದು ದಿನ ಜೀವಂತ ತಿಂಡಿಯನ್ನು ಚುರುಕಾಗಿ ತಿಂದ ಮೇಲೆ ಮಾತ್ರ ಮುಂದಿನ ಹೆಜ್ಜೆ. ಮೊದಲು ಫ್ರೋಜನ್ ಬ್ರೈನ್ ಶ್ರಿಂಪ್. ಜೀವಂತದ್ದರ ರೂಪವೇ ಇರುವುದರಿಂದ ಮೋಸ ಹೋಗುವುದು ಸುಲಭ. ಹತ್ತು ಜೀವಂತದ ಜೊತೆ ಎರಡು ಸತ್ತದ್ದು. ಮುನ್ನುಗ್ಗಿ ತಿನ್ನುವ ಭರದಲ್ಲಿ ಒಂದು ಬಾಯಿಗೆ ಹೋಗುತ್ತದೆ. ಉಗಿದರೂ ಚಿಂತೆ ಬೇಡ, ಬಾಯಿಗೆ ಹಾಕಿಕೊಂಡಿತಲ್ಲ, ಅದೇ ದೊಡ್ಡದು. ನನ್ನದು ಆರು ದಿನ ಉಗಿದು ಏಳನೇ ದಿನ ನುಂಗಿತು. ಆಮೇಲೆ ಅರ್ಧಕ್ಕರ್ಧ, ಆಮೇಲೆ ಚೂರು ಮಾಡಿದ ಮೈಸಿಸ್, ಕೊನೆಗೆ ಇಡೀ ಮೈಸಿಸ್. ಒಟ್ಟು ಮೂರರಿಂದ ನಾಲ್ಕು ವಾರ ಎಂದು ಲೆಕ್ಕ ಇಟ್ಟುಕೊಳ್ಳಿ.

ಇಲ್ಲಿ ನಾನು ಮಾಡಿದ ತಪ್ಪು ಒಂದಿದೆ. ಸತ್ತದ್ದನ್ನು ಹಾಕಿ, ತಿನ್ನದಿದ್ದಾಗ ಪಾಪ ಎಂದು ಎರಡೇ ನಿಮಿಷದಲ್ಲಿ ಜೀವಂತ ತಿಂಡಿ ಹಾಕುತ್ತಿದ್ದೆ. ಮೀನು ಕಲಿತದ್ದು ಏನು? ಸುಮ್ನೆ ಕಾದರೆ ಒಳ್ಳೆಯದು ಬರುತ್ತದೆ ಅಂತ. ಊಟ ಬಿಟ್ಟು ಬಿಸ್ಕತ್ತಿಗೆ ಕಾಯುವ ಮಕ್ಕಳ ಹಾಗೆ. ಎರಡನ್ನೂ ಬೆರೆಸಿ ಒಟ್ಟಿಗೇ ಹಾಕಿ, ಬೇರೆ ಬೇರೆ ಬೇಡ.

ಹಾಕುವ ಕ್ರಮಕ್ಕೂ ಬೆಲೆ ಇದೆ. ಕ್ಯೂಬನ್ನು ನೇರ ಟ್ಯಾಂಕಿಗೆ ಎಸೆಯಬೇಡಿ. ಒಂದು ಬಟ್ಟಲು ಟ್ಯಾಂಕ್ ನೀರಿನಲ್ಲಿ ಕರಗಿಸಿ. ಮೈಸಿಸ್ ದೊಡ್ಡದು, ಇದಕ್ಕೆ ಚಹಾ ಜರಡಿ ನಡೆಯುತ್ತದೆ. ಅದರಲ್ಲಿ ಸೋಸಿ ಕೊಳಕು ರಸ ಚೆಲ್ಲಿ. ಆ ರಸ ಮೀನಿಗೆ ಸಿಗುವುದಿಲ್ಲ, ಪಾಚಿಗೆ ಸಿಗುತ್ತದೆ. ಔಷಧಿ ಅಂಗಡಿಯ 20 ಎಂಎಲ್ ಸಿರಿಂಜಿನ ಸೂಜಿ ತೆಗೆದು, ತುದಿಗೆ ಒಂದಡಿ ಏರ್ ಪೈಪ್ ಸಿಕ್ಕಿಸಿ. ದೊಡ್ಡ ಪಂಪ್ ಹತ್ತು ನಿಮಿಷ ನಿಲ್ಲಿಸಿ. ಮೀನಿನ ಮುಖದಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಮೇಲಿನಿಂದ, ಒಂದೊಂದೇ ಚೂರು ತೇಲಿ ಹೋಗುವಂತೆ ಒತ್ತಿ. ಮುಖಕ್ಕೇ ಒತ್ತಿದರೆ ಹೆದರಿ ಕಲ್ಲಿನ ಹಿಂದೆ ಹೋಗುತ್ತದೆ. ಚೂರು ಕೆಳಗೆ ಬಿದ್ದ ಮೇಲೆ ಬಂಗಾಯ್ ಅದರ ಕಡೆ ನೋಡುವುದೂ ಇಲ್ಲ, ಆದ್ದರಿಂದ ತೇಲುವಷ್ಟು ಹೊತ್ತು ಮಾತ್ರ ನಿಮಗೆ ಅವಕಾಶ. ಕ್ಲೌನ್‌ಗಳಿಗೆ ಮೊದಲೇ ಇನ್ನೊಂದು ಮೂಲೆಯಲ್ಲಿ ಬಡಿಸಿಬಿಡಿ. ಪಂಪನ್ನು ಮತ್ತೆ ಹಾಕಲು ಮರೆಯಬೇಡಿ, ಮೊಬೈಲಿನಲ್ಲಿ ಅಲಾರಂ ಇಡಿ.

ಬೆಳ್ಳುಳ್ಳಿ ರಸ ಹಚ್ಚಿದರೆ ತಿನ್ನುತ್ತದೆ ಎಂದು ಬಹಳ ಜನ ಹೇಳುತ್ತಾರೆ. ನಾನೂ ಮಾಡಿದ್ದೇನೆ, ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಒಂದೆರಡು ಹನಿಯಿಂದ ನಷ್ಟವೂ ಇಲ್ಲ.

ಫ್ರಿಜ್ಜಿನ ಜಗಳ

ಇದನ್ನು ಯಾವ ಮಾರ್ಗದರ್ಶಿಯೂ ಬರೆಯುವುದಿಲ್ಲ, ಆದರೆ ನಮ್ಮ ಊರಿನ ಅರ್ಧ ಮನೆಗಳಲ್ಲಿ ಇದೇ ಮೊದಲ ಅಡ್ಡಿ. ನಮ್ಮದು ಸಸ್ಯಾಹಾರಿ ಮನೆ. ಮೈಸಿಸ್ ಹಾಳೆಯನ್ನು ಮೊದಲ ಸಲ ಫ್ರೀಜರಿನಲ್ಲಿ ಇಟ್ಟಾಗ ಅವ್ವ ಕೂಗಿದ್ದು ಪಕ್ಕದ ಮನೆಗೂ ಕೇಳಿತ್ತು: "ಲೇ ತಮ್ಮಾ, ಬೆಣ್ಣಿ ಪಕ್ಕದಾಗ ಏನ್ ಹುಳ ತಂದಿಟ್ಟೀಯೋ!"

ಸಣ್ಣ ಹಳೆಯ ಫ್ರಿಜ್ ಸಿಕ್ಕರೆ ಟ್ಯಾಂಕ್ ಪಕ್ಕದಲ್ಲೇ ಇಡಿ, ಜಗಳ ಮುಗಿಯಿತು. ಇಲ್ಲದಿದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಅದರ ಮೇಲೊಂದು ಜಿಪ್ ಕವರ್, ಬಟ್ಟಲು, ಜರಡಿ, ಚಾಕು ಎಲ್ಲ ಬೇರೆ. ಅಡುಗೆ ಮನೆಯ ಚಾಕು ಮುಟ್ಟಬೇಡಿ. ಕರೆಂಟ್ ಹೋಗಿ ಕ್ಯೂಬ್ ಪೂರ್ತಿ ಕರಗಿದ್ದರೆ ಮತ್ತೆ ಗಟ್ಟಿ ಮಾಡಿ ಬಳಸುವುದು ಬೇಡ, ಎಸೆಯಿರಿ. ಬೇಸಿಗೆಯಲ್ಲಿ ನಾನು ಡಬ್ಬಿಯನ್ನು ಸಣ್ಣ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಹಾಕಿ ಫ್ರೀಜರಿನಲ್ಲಿಡುತ್ತೇನೆ, ಎರಡು ಮೂರು ಗಂಟೆ ತಡೆಯುತ್ತದೆ.

ಎಷ್ಟು, ಎಷ್ಟು ಸಲ, ಉಳಿದದ್ದು ಎಲ್ಲಿಗೆ

ಮೀನಿನ ಹೊಟ್ಟೆ ಹೆಚ್ಚುಕಮ್ಮಿ ಅದರ ಕಣ್ಣಿನಷ್ಟೇ ದೊಡ್ಡದು ಎಂದು ಹವ್ಯಾಸಿಗಳಲ್ಲಿ ಒಂದು ಲೆಕ್ಕವಿದೆ. ಅದನ್ನು ನೆನಪಿಟ್ಟುಕೊಂಡರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಒಂದು ಬಂಗಾಯ್‌ಗೆ ಒಂದು ಹೊತ್ತಿಗೆ ಕ್ಯೂಬಿನ ಎಂಟನೇ ಒಂದು ಭಾಗ ಸಾಕು. ಒಗ್ಗಿಸುವ ವಾರಗಳಲ್ಲಿ ದಿನಕ್ಕೆ ಮೂರು ಸಲ, ಚೂರು ಚೂರೇ. ಒಗ್ಗಿದ ಮೇಲೆ ಎರಡು ಸಲ.

ಹಾಕಿ ಐದು ನಿಮಿಷವಾದ ಮೇಲೆ ತಳದಲ್ಲಿ ಬಿದ್ದದ್ದನ್ನು ಅದೇ ಸಿರಿಂಜಿನಿಂದ ಎಳೆದು ತೆಗೆಯಿರಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಫಿಲ್ಟರಿನ ಸ್ಪಂಜು ಅಥವಾ ಬಟ್ಟೆಯನ್ನು ಮೂರು ದಿನಕ್ಕೊಮ್ಮೆ ತೊಳೆಯಿರಿ, ವಾರಕ್ಕೊಮ್ಮೆ ಹತ್ತು ಲೀಟರ್ ನೀರು ಬದಲಿಸಿ. ಒಗ್ಗಿಸುವ ಅವಧಿಯಲ್ಲಿ ಎರಡು ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷೆ ಮಾಡಿ. ಬಣ್ಣ ಸ್ವಲ್ಪ ಹಸಿರಿಗೆ ತಿರುಗಿದರೂ ಆ ದಿನ ತಿಂಡಿ ಬಂದ್, ನೀರು ಬದಲಾವಣೆ. ಒಂದು ದಿನದ ಉಪವಾಸ ಮೀನಿಗೆ ಏನೂ ಮಾಡುವುದಿಲ್ಲ.

ಮೈಸಿಸ್ ಚೆನ್ನಾಗಿ ತಿನ್ನುವ ಮೀನಿಗೆ ಸಣ್ಣ ಪೆಲೆಟ್, ಅಂದರೆ ಒಣ ತಿಂಡಿಯ ಗುಳಿಗೆ, ತಿನ್ನಲು ಕಲಿಸಬಹುದು. ಮೈಸಿಸ್ ಕರಗಿದ ನೀರಿನಲ್ಲಿ ಪೆಲೆಟ್ ಹತ್ತು ನಿಮಿಷ ನೆನೆಸಿ, ಮೆತ್ತಗಾದ ಮೇಲೆ ಮೈಸಿಸ್ ಜೊತೆಗೇ ಬಿಡಿ. ಕೆಲವು ಮೀನು ಎಂದಿಗೂ ಕಲಿಯುವುದಿಲ್ಲ. ನನ್ನದು ಕೆಂಪು ಪೆಲೆಟ್ ತಿನ್ನುತ್ತದೆ, ಹಸಿರನ್ನು ಉಗಿಯುತ್ತದೆ.

ಚೆನ್ನಾಗಿ ತಿನ್ನುತ್ತಿದ್ದ ಮೀನು ದಿಢೀರನೆ ಬಿಟ್ಟರೆ

ಜೋಡಿ ಇಟ್ಟವರು ಇದನ್ನು ಓದಲೇಬೇಕು. ಬಂಗಾಯ್‌ನಲ್ಲಿ ಮೊಟ್ಟೆ ಕಾಯುವುದು ಗಂಡು, ಅದೂ ಬಾಯಿಯೊಳಗೆ. ಮೊಟ್ಟೆ ಒಡೆಯಲು ಸುಮಾರು 20 ದಿನ, ಮರಿಗಳನ್ನು ಬಾಯಲ್ಲೇ ಇಟ್ಟುಕೊಳ್ಳುವುದು ಇನ್ನೂ ಸುಮಾರು 10 ದಿನ. ಅಷ್ಟು ದಿನ ಅದು ಏನೂ ತಿನ್ನುವುದಿಲ್ಲ. ಕೆಳದವಡೆ ಉಬ್ಬಿದೆಯಾ, ಬಾಯಿ ಪೂರ್ತಿ ಮುಚ್ಚುತ್ತಿಲ್ಲವಾ, ಹೆಣ್ಣು ಪಕ್ಕದಲ್ಲೇ ಕಾವಲು ನಿಂತಿದೆಯಾ ನೋಡಿ. ಹೌದಾದರೆ ಸಿರಿಂಜ್ ಹಿಡಿದು ಬೆನ್ನು ಹತ್ತಬೇಡಿ. ಹೆದರಿದರೆ ಮೊಟ್ಟೆ ಉಗಿದುಬಿಡುತ್ತದೆ. ಇಪ್ಪತ್ತು ದಿನ ಕಳೆದ ಮೇಲೆ ಆರ್ಟೀಮಿಯಾ ಬಾಟಲಿ ಸಿದ್ಧವಿರಲಿ. ಬಾಯಿಂದ ಹೊರಬರುವ ಮರಿಗಳು ಮೊದಲ ದಿನದಿಂದಲೇ ಅದನ್ನು ತಿನ್ನುವಷ್ಟು ದೊಡ್ಡವು. ಗಂಡಿಗೆ ಆಮೇಲೆ ಎರಡು ವಾರ ಚೆನ್ನಾಗಿ ತಿನ್ನಿಸಿ, ಬಡವಾಗಿರುತ್ತದೆ.

ಊರಿಗೆ ಹೋಗುವಾಗ

ಮೈ ತುಂಬಿಕೊಂಡ ಮೀನು ಮೂರು ದಿನ ತಿಂಡಿ ಇಲ್ಲದೆ ಇರುತ್ತದೆ, ಯಾರಿಗೂ ಬೀಗದ ಕೈ ಕೊಡುವುದು ಬೇಡ. ಅದಕ್ಕಿಂತ ಜಾಸ್ತಿ ದಿನವಾದರೆ, ವಾರದ ಮಾತ್ರೆ ಇಡುವ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ತಂದು, ಒಂದೊಂದು ಖಾನೆಗೆ ಒಂದು ದಿನದ ತಿಂಡಿ ಮಾತ್ರ ಹಾಕಿ ಫ್ರೀಜರಿನಲ್ಲಿಡಿ. ಉಳಿದ ಹಾಳೆಯನ್ನು ಬೇರೆ ಬಚ್ಚಿಡಿ. ನಮ್ಮ ಮನೆಯಲ್ಲಿ ಈಗ ಆ ಕೆಲಸ ಅವ್ವನದೇ, ಮೂಗು ಮುಚ್ಚಿಕೊಂಡೇ ಹಾಕುತ್ತಾಳೆ. ಆದರೆ ಮಂಗಳವಾರದ ಖಾನೆ ಸೋಮವಾರವೇ ಖಾಲಿಯಾಗಿರುತ್ತದೆ. ಅದಕ್ಕೇ ಬರುವ ವಾರದಿಂದ ಖಾನೆಗೆ ಅರ್ಧ ದಿನದ ತಿಂಡಿ ಹಾಕಿಡಬೇಕೆಂದಿದ್ದೇನೆ.